ಸೋಮಪ್ಪನ ಕಹಿ ನಾಲಿಗೆ

ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ ಶಿವಯೋಗಪ್ಪನ ಅಂಗಡಿಯಲ್ಲಿ ಸೋಮಪ್ಪನಿಗೆ ಇದ್ದದ್ದು ಒಂದೇ ಕೆಲಸ. ರಾಶಿಯಿಂದ ಒಂದು ಕಾಳು ಎತ್ತಿ ಕಟಕ್ಕನೆ ಕಡಿದು, ಒಣಗಿದೆಯೋ, ಹಸಿಯೋ, ಮುಗ್ಗಿದೆಯೋ ಹೇಳುವುದು. ತೇವ ಅಳೆಯುವ ಮಷೀನು ಅಂಗಡಿಯಲ್ಲಿತ್ತು. ಶಿವಯೋಗಪ್ಪ ಅದರ ಮೇಲೆ ಟೀ ಲೋಟ ಇಡುತ್ತಿದ್ದ, ನಂಬುತ್ತಿದ್ದುದು ಸೋಮಪ್ಪನ ಬಾಯಿಯನ್ನೇ. ಅಕ್ಕಪಕ್ಕದ ಅಂಗಡಿಯವರೂ ಸೋಮಪ್ಪನ ಮುಖ ನೋಡಿಕೊಂಡೇ ದರ ಕೂಗುತ್ತಿದ್ದರು.

ಅಂಥ ಬಾಯಿ ಮೊನ್ನೆ ಮುಗ್ಗಿದ ಜೋಳವನ್ನು ಚಲೋ ಐತಿ ಎಂದುಬಿಟ್ಟಿತು.

“ಮೂರು ಹೊತ್ತೂ ತಂಬಾಕು ತುಂಬ್ಕಂಡಿದ್ರ ರುಚಿ ಎಲ್ಲಿಂದ ತಿಳೀತೈತಲೇ?” ಎಂದು ಶಿವಯೋಗಪ್ಪ ಗುಡುಗಿದ. “ತಂಬಾಕು ಬಿಡು, ಇಲ್ಲಾಂದ್ರ ಕೆಲ್ಸ ಬಿಡು!”

ಬಿಟ್ಟು ಬಿಟ್ಟು ಸುಸ್ತಾಗಿದ್ದ ಸೋಮಪ್ಪ ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ, ಸೈಕಲ್ ಅಂಗಡಿಯ ಮಹಡಿಯಲ್ಲಿ ಸಮ್ಮೋಹನ ಚಿಕಿತ್ಸೆ ಮಾಡುವ ಪ್ರಬುದ್ಧನ ಬಳಿ ಹೋದ. ಪ್ರಬುದ್ಧ ಕಣ್ಣು ಮುಚ್ಚಿಸಿ, “ಅಣ್ಣಾ, ಇನ್ಮ್ಯಾಲೆ ತಂಬಾಕು ನಿಮಗ ಕಹಿ... ವಿಷದಂಥ ಕಹಿ...” ಎಂದು ಜೋಗುಳದಂತೆ ಹೇಳಿದ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವನಂತೆ ಸೋಮಪ್ಪ ಹಾಯಾಗಿ ನಿದ್ದೆ ಹೋದ.

ಮರುದಿನ ಬೆಳಗ್ಗೆ ಅಂಗಡಿಯ ಮುಂದೆ ನಿಂತು ಪರೀಕ್ಷೆ ಮಾಡಿಯೇಬಿಟ್ಟ. ಸೊಂಟದ ಚಂಚಿ ಬಿಚ್ಚಿ, ತಂಬಾಕಿಗೆ ಸುಣ್ಣ ತಿಕ್ಕಿ ದವಡೆಗಿಟ್ಟ. ಥೂ! ಕಹಿಯೆಂದರೆ ಕಹಿ, ಕಿವಿಯವರೆಗೂ ಕಹಿ!

“ಸಾವ್ಕಾರ್ರ, ತಂಬಾಕು ಬಿಟ್ಟೋತ್ರಿ!” ಎಂದು ಅಲ್ಲೇ ಕುಣಿದ. ಹಮಾಲರು ಚಪ್ಪಾಳೆ ತಟ್ಟಿದರು. ಸೋಮಪ್ಪ ಚೊಂಬೆತ್ತಿ ಬಾಯಿ ಮುಕ್ಕಳಿಸಿದ. ನಾಲಿಗೆ ಬಿಟ್ಟರೂ ಕೈ ಬಿಡಬೇಕಲ್ಲ, ಅದು ಮಾತ್ರ ಅಭ್ಯಾಸಬಲದಿಂದ ಚಂಚಿಯನ್ನು ಸವರುತ್ತಲೇ ಇತ್ತು.

ಅಷ್ಟರಲ್ಲಿ ಚಿಗಟೇರಿಯ ರೈತ ಗಾದೆಪ್ಪನ ಟ್ರ್ಯಾಕ್ಟರ್ ಬಂತು. ಸೋಮಪ್ಪ ಠೀವಿಯಿಂದ ಕಾಳೊಂದನ್ನು ಎತ್ತಿ ಕಡಿದ.

ಥೂ!

“ಮುಗ್ಗ್ಯಾವೇನಲೇ?” ಶಿವಯೋಗಪ್ಪ ಗಾಬರಿಯಾದ.

“ಕಹಿ ಅದಾವ್ರಿ!”

ಗಾದೆಪ್ಪ ತಾನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಜಗಿದ. “ಸಕ್ರಿ ಇದ್ದಂಗ ಅದಾವಲ್ಲೋ! ದರ ಇಳಿಸಾಕ ನಾಟ್ಕ ಹೂಡೀಯೇನು?”

ಎರಡನೇ ರಾಶಿಗೂ ಥೂ. ಮೂರನೆಯದಕ್ಕೂ ಥೂ. ಸೋಮಪ್ಪನ ಮುಖ ನೋಡಿ ಪಕ್ಕದ ಅಂಗಡಿಯವರೂ ಹರಾಜು ನಿಲ್ಲಿಸಿದರು. ಬೀಜವೇ ಕೆಟ್ಟದ್ದಂತೆ ಎಂದು ಒಬ್ಬ, ಗೊಬ್ಬರದಲ್ಲಿ ಏನೋ ಬೆರೆಸಿದ್ದಾರಂತೆ ಎಂದು ಇನ್ನೊಬ್ಬ. ಟ್ರ್ಯಾಕ್ಟರುಗಳ ಸಾಲು ರಸ್ತೆ ಮುಟ್ಟಿತು. ರೈತರು ತೋಳೇರಿಸಿಕೊಂಡು ಸೋಮಪ್ಪನನ್ನು ಸುತ್ತುವರಿದರು.

“ಜೋಳದ್ದೇನೂ ತಪ್ಪಿಲ್ರಿ! ತಂಬಾಕಿಗೆ ಹಾಕಿದ ಕಹಿ ನನ್ನ ಒಳಮನಸಿನಾಗ ಜೋಳಕ್ಕೂ ಹಬ್ಬೈತ್ರಿ!” ಎಂದು ಸೋಮಪ್ಪ ಅಳುವ ದನಿಯಲ್ಲಿ ಹೇಳಿದ.

“ನಿನ್ನ ಒಳಮನಸಿಗೆ ನಾನು ಪಗಾರ ಕೊಡ್ತೀನೇನಲೇ?” ಶಿವಯೋಗಪ್ಪ ಕೆಂಡವಾದ. “ಮಧ್ಯಾಹ್ನದೊಳಗ ಬಾಯಿ ಸರಿ ಮಾಡಿಸ್ಕಂಡ್ ಬಾ. ಇಲ್ಲಾಂದ್ರ ಬರಲೇಬ್ಯಾಡ!”

ಸೋಮಪ್ಪ ಓಡಿದ. ತಪ್ಪಿಸಿಕೊಂಡಾನು ಎಂದು ಗಾದೆಪ್ಪನೂ ಟವೆಲ್ಲಿನಲ್ಲಿ ಜೋಳ ಕಟ್ಟಿಕೊಂಡು ಬೆನ್ನು ಹತ್ತಿದ.

ಪ್ರಬುದ್ಧ ಸೋಮಪ್ಪನಿಗೆ ಕೈ ಮುಖ ತೊಳೆಸಿ, ಚಂಚಿ ತೆಗೆದಿಡಿಸಿ, ಕುರ್ಚಿಯಲ್ಲಿ ಕೂರಿಸಿದ. “ಅಣ್ಣಾ, ಯೋಚ್ನಿ ಮಾಡ್ರಿ. ಕಹಿ ತಗದ್ರ ತಂಬಾಕೂ ಮೊದ್ಲಿನಂಗ ರುಚಿ ಆಗ್ತೈತಿ.”

“ಆಗ್ಲಿ ತಮ್ಮಾ, ಮೊದ್ಲು ನನ್ನ ಕೆಲ್ಸ ಉಳಿಸು!”

“ಲಗೂನ ತಗಿಯಪ್ಪ, ಟ್ರ್ಯಾಕ್ಟರ್ ಬಾಡಿಗೀದೈತಿ” ಎಂದ ಗಾದೆಪ್ಪ.

ಪ್ರಬುದ್ಧ ಮತ್ತೆ ಜೋಗುಳ ಹಾಡಿ ಎಬ್ಬಿಸಿದ. ಗಾದೆಪ್ಪ ತನ್ನ ಕೈಯಾರೆ ಒಂದು ಕಾಳನ್ನು ಸೋಮಪ್ಪನ ಬಾಯಿಗಿಟ್ಟ. ಕಟಕ್! ಗರಿಗರಿ, ಸಿಹಿಸಿಹಿ! ಸೋಮಪ್ಪ ಇಬ್ಬರನ್ನೂ ಒಟ್ಟಿಗೇ ತಬ್ಬಿಕೊಂಡ. ಚಂಚಿಯನ್ನೂ ಮರೆತು ಅಂಗಡಿಗೆ ಓಡಿದ.

“ಚಲೋ ಐತ್ರಿ! ಇದೂ ಚಲೋ ಐತ್ರಿ!” ಎಂದು ರಾಶಿಯಿಂದ ರಾಶಿಗೆ ಹಾರಿದ. ಹರಾಜು ಮತ್ತೆ ಶುರುವಾಯಿತು, ಟ್ರ್ಯಾಕ್ಟರುಗಳು ಖಾಲಿಯಾದವು. ಶಿವಯೋಗಪ್ಪ ತಾನೇ ಕರೆದು ಟೀ ಕುಡಿಸಿದಾಗ ಸೋಮಪ್ಪನ ಕಣ್ಣಲ್ಲಿ ನೀರು ಬಂತು.

ಸಂಜೆ ಮನೆಯಲ್ಲಿ ಹೆಂಡತಿ ಸುಜಾತಾಳಿಗೆ ಎಲ್ಲವನ್ನೂ ಹೇಳಿದ. ರೊಟ್ಟಿ ಬಡಿಯುತ್ತಿದ್ದ ಆಕೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

“ಒಳಮನಸೂ ಇಲ್ಲ, ಏನೂ ಇಲ್ಲ. ಆ ಸಮ್ಮೋಹನದ ಹುಡುಗನ ಮ್ಯಾಲೆ ನನಗ ನಂಬ್ಕಿ ಇರ್ಲಿಲ್ಲ. ಅದಕ್ಕ ನಿನ್ನೆ ರಾತ್ರಿ ನಿಮ್ಮ ಚಂಚಿ ಒಳಗೂ ಹೊರಗೂ ಲೋಳೆಸರದ ರಸ ಹಚ್ಚಿ ಒಣಗಿಸಿಟ್ಟಿದ್ದೆ. ಹುಡ್ರಿಗೆ ಮೊಲಿ ಬಿಡ್ಸೋವಾಗ ಹಚ್ತಿದ್ನಲ್ಲ, ಹಂಗ. ಅದನ್ನ ಮುಟ್ಟಿದ ಕೈಲೇ ಜೋಳ ಮುಟ್ಟಿದ್ರ ಕಹಿ ಆಗ್ದ ಇರತೈತೇನು?”

ಸೋಮಪ್ಪನಿಗೆ ಎದೆಯ ಮೇಲಿನ ಮೂಟೆ ಇಳಿದಂತಾಯಿತು. ಹಾಗಾದರೆ ತನ್ನ ನಾಲಿಗೆ ಕೆಟ್ಟೇ ಇರಲಿಲ್ಲ! ಮನಸ್ಸಿನೊಳಗೂ ಯಾರೂ ಕೈಯಾಡಿಸಿರಲಿಲ್ಲ! ಇಷ್ಟು ದೊಡ್ಡ ಸಂತೋಷಕ್ಕೆ ಒಂದೇ ಒಂದು ಚಿಟಿಕೆಯಾದರೂ ಬೇಡವೇ? ಸೋಪು ಹಚ್ಚಿ ಕೈಯನ್ನು ಗಸಗಸ ತೊಳೆದ. ಯಾರಿಗೂ ಗೊತ್ತಿಲ್ಲದಂತೆ ಗೂಡಿನಲ್ಲಿ, ಹಳೆಯ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ ಇನ್ನೊಂದು ಪೊಟ್ಟಣ ತೆಗೆದು, ಗೋಡೆಯ ಕಡೆ ತಿರುಗಿ, ಮೆಲ್ಲಗೆ ದವಡೆಗಿಟ್ಟ.

ಥೂ!

ಸುಜಾತಾ ತಲೆ ಎತ್ತದೆ ರೊಟ್ಟಿ ತಿರುವಿ ಹಾಕಿದಳು.

“ಒಂದ್ ಕಡೀಗೆ ಹಚ್ಚಿದ್ರ ಕೂಸು ಇನ್ನೊಂದ್ ಕಡೀಗೆ ಬಾಯಿ ಹಾಕತೈತ್ರಿ. ಅದಕ್ಕ ಎರಡಕ್ಕೂ ಹಚ್ಚೀನಿ.”