ಚಾವಡಿಯ ಮಾಳಿಗೆ ಉಳಿಸಿದ ವೃತ್ತಾಂತ

ನಮ್ಮೂರ ಚಾವಡಿಯನ್ನು ಉಳಿಸುವುದಕ್ಕೆಂದೇ ಈ ಭೂಮಿಯ ಮೇಲೆ ಯಾರಾದರೂ ಹುಟ್ಟಿದ್ದರೆ ಅದು ನಾನೇ ಎಂದು ಕಳೆದ ಮೇ ತಿಂಗಳಲ್ಲಿ ಘೋಷಿಸಿಬಿಟ್ಟೆ! ಸುಮ್ಮನೆ ಅಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಮೇಲಾಗಿ ‘ಹಳೆಯ ಕಟ್ಟಡಗಳ ರಕ್ಷಣೆ’ ಎಂಬ ಎರಡು ದಿನದ ತರಬೇತಿ ಮುಗಿಸಿ ಬಂದವನು. ಮೊದಲ ದಿನ ಉದ್ಘಾಟನೆ, ಎರಡನೆಯ ದಿನ ಸಮಾರೋಪ, ನಡುವೆ ಎರಡು ಊಟ. ಇದಕ್ಕಿಂತ ಹೆಚ್ಚು ಏನು ಕಲಿಯಬೇಕು ಹೇಳಿ!

ಸಂಶಿಯಿಂದ ನಾಲ್ಕು ಮೈಲಿ ದೂರದ ನಮ್ಮೂರಿನ ಚಾವಡಿಗೆ ಏನಿಲ್ಲವೆಂದರೂ ನೂರೈವತ್ತು ವರ್ಷ. ಕಲ್ಲಿನ ಗೋಡೆ, ಸಾಗವಾನಿ ತೊಲೆ, ಮೇಲೆ ಮಣ್ಣು ಹಾಸಿದ ಸಪಾಟು ಮಾಳಿಗೆ. ಅದರೊಳಗೆ ನನ್ನ ಹೆಂಡತಿ ನೀಲಾ ಹೊಲಿಗೆ ಕ್ಲಾಸು ನಡೆಸುತ್ತಾಳೆ. ಆರು ಮಷಿನ್ನು, ಹದಿನಾಲ್ಕು ಹೆಣ್ಣುಮಕ್ಕಳು. ಪಂಚಾಯ್ತಿಯವರಿಗೆ ಅದೇ ಜಾಗದಲ್ಲಿ ಎಂಟು ಅಂಗಡಿ ಕಟ್ಟುವ ಆಸೆ. “ಮಾಳಿಗೆ ಸೋರುತ್ತದೆ, ಜನರಿಗೆ ಅಪಾಯ” ಎಂದು ಮೇಲಕ್ಕೆ ಬರೆದಿದ್ದರು. ಜುಲೈ ಮೊದಲ ವಾರ ಎಂಜಿನಿಯರು ಬಂದು ನೋಡುವುದು, ಅಪಾಯ ಅಂದರೆ ಕೆಡವುವುದು ಎಂದು ತೀರ್ಮಾನವಾಗಿತ್ತು.

“ಚಾವಡಿ ಬಿತ್ತಂದ್ರ ನನ್ನ ಕ್ಲಾಸು ಬೀದಿಗೆ ಬರ್ತೈತ್ರಿ. ಅಷ್ಟು ಹುಡಿಗ್ಯಾರನ್ನ ಎಲ್ಲಿ ಕುಂದರಸ್ಲಿ?” ಎಂದಳು ನೀಲಾ. ಅವಳು ಹೊಲಿಗೆ ನಿಲ್ಲಿಸಿ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

“ನಾನಿರೂತನಾ ಒಂದು ಮಣ್ಣಹೆಂಟಿ ಸೈತ ಉದುರಂಗಿಲ್ಲ!” ಎಂದು ಎದೆ ತಟ್ಟಿಕೊಂಡೆ.

ಕೂಡಲೇ ಚಾವಡಿ ಸಂರಕ್ಷಣಾ ಸಮಿತಿ ಹುಟ್ಟಿತು. ನಾನು ಅಧ್ಯಕ್ಷ, ಉಳಿದ ಹತ್ತೂ ಜನ ಉಪಾಧ್ಯಕ್ಷರು. ಬುಟ್ಟಿ ಹೊರಬಲ್ಲವರು ಒಬ್ಬರೂ ಇರಲಿಲ್ಲ. ಐವತ್ತು ವರ್ಷದಿಂದ ಊರ ಮಾಳಿಗೆಗಳಿಗೆಲ್ಲ ಮಳೆಗಾಲದ ಮುಂಚೆ ಮಣ್ಣು ಹಾಕುತ್ತ ಬಂದ ನಿಜಾಮಸಾಬರಿಗೂ ನಾವು ಒಂದು ಹುದ್ದೆ ಕೊಟ್ಟೆವು: ನೀರು ತರುವುದು.

“ಮಾಸ್ತರ, ಸವಳು ಮಣ್ಣ ತರಬೇಕ್ರಿ,” ಎಂದರು ಆ ಹಿರಿಯರು. “ಹಳ್ಳದ ದಂಡಿಗೆ ಬೆಳ್ಳಗ ಕಾಣ್ತೈತಲ್ಲ, ಒಂದು ಹುಲ್ಲಕಡ್ಡಿ ಸೈತ ಹುಟ್ಟಂಗಿಲ್ಲ, ಅದು. ಅದು ನೀರು ಕುಡಿಯಂಗಿಲ್ರಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಹುಲ್ಲೂ ಹುಟ್ಟದ ದರಿದ್ರ ಮಣ್ಣನ್ನು ಇತಿಹಾಸದ ತಲೆಯ ಮೇಲೆ ಸುರಿಯುವುದೇ! “ಕಾಕಾ, ಇದು ಪಾರಂಪರಿಕ ಕಟ್ಟಡ. ಇದಕ್ಕ ಜಿಲ್ಲಾದಾಗ ಅಗದಿ ಉತ್ತಮ ಮಣ್ಣ ಬೇಕು,” ಎಂದು ಕೆರೆಯ ಕಪ್ಪು ಹೂಳನ್ನು ಹನ್ನೆರಡು ಟ್ರೇಲರ್ ತರಿಸಿದೆ. ಮಣ್ಣು ಬಿಗಿಯಾಗಲೆಂದು ಅದಕ್ಕೆ ಪಕ್ಕದ ಮನೆಯ ರೈತ ಕನಕಪ್ಪನ ಬಣವೆಯಿಂದ ಹೆಸರಿನ ಹೊಟ್ಟು ಬೆರೆಸಿದೆ.

“ಹೊಟ್ಟಿನಾಗ ಕಾಳು ಅದಾವ್ರಿ,” ಎಂದಳು ನೀಲಾ, ಒಂದು ಹಿಡಿ ಎತ್ತಿ ನೋಡಿ.

“ತರಬೇತಿ ಆಗಿದ್ದು ನಿನಗೋ ನನಗೋ?” ಎಂದೆ. ಅವಳು ಕೈ ಝಾಡಿಸಿಕೊಂಡು ಹೋದಳು.

ಜೂನ್ ಮೊದಲ ವಾರ ಮಿರಗದ ಮಳೆ ಚೆನ್ನಾಗಿಯೇ ಆಯಿತು. ಎಂಟನೆಯ ದಿನ ನೀಲಾ ಬಾಗಿಲಲ್ಲೇ ನಿಂತು ಸುದ್ದಿ ಕೊಟ್ಟಳು.

“ರೀ, ನಿಮ್ಮ ಚಾವಡಿಗೆ ಮೀಸಿ ಬಂದಾವ.”

ಓಡಿ ಹೋಗಿ ನೋಡುತ್ತೇನೆ, ಮಾಳಿಗೆಯ ತುಂಬ ಹಸಿರು! ಹೆಸರು ಮಾಡಬೇಕೆಂದು ಹೊರಟಿದ್ದೆ, ಹೆಸರೇ ಬೆಳೆದಿತ್ತು. ಜೂನ್ ಮುಗಿಯುವಷ್ಟರಲ್ಲಿ ಗೇಣೆತ್ತರ! ದಾರಿಯಲ್ಲಿ ಸಿಕ್ಕವರೆಲ್ಲ ಸಲಹೆ ಕೊಡತೊಡಗಿದರು. “ಮಾಸ್ತರ, ಕಸ ತಗಿಯಾಕ ಒಂದು ಸಲ ಎಡಿ ಹೊಡಿರಿ.” “ಯೂರಿಯಾ ಕೊಟ್ರಿ ಏನು?” ಉಪಾಧ್ಯಕ್ಷರು ಹತ್ತೂ ಜನ ಒಂದೇ ವಾರದಲ್ಲಿ ರಾಜೀನಾಮೆ ಕೊಟ್ಟರು.

ಹೂಳು ನೀರು ಕುಡಿದು ಕುಡಿದು ಉಬ್ಬಿತು. ಕುಡಿದದ್ದನ್ನು ಕೆಳಗೆ ಬಿಡತೊಡಗಿತು. ಕ್ಲಾಸಿನಲ್ಲಿ ರುಬಿಯಾ ಕೊಡೆ ಹಿಡಿದರೆ ನಾಜಮೀನ್ ಹೊಲಿಯುತ್ತಿದ್ದಳು. ಮಷಿನ್ನುಗಳಿಗೆಲ್ಲ ಗೊಬ್ಬರದ ಚೀಲದ ಮುಸುಕು ಹಾಕಿದ್ದರು. ನೀಲಾ ನನ್ನ ಜೊತೆ ಮಾತು ಬಿಟ್ಟಳು. ಅದು ನಿಜಕ್ಕೂ ನೋಯಿಸಿತು.

ಎಂಜಿನಿಯರು ಬರುವ ಹಿಂದಿನ ದಿನ ಪೈರು ಕಿತ್ತುಹಾಕಲು ನಿಚ್ಚಣಿಕೆ ಏರಿದೆ. “ಕೀಳಬ್ಯಾಡ್ರಿ!” ಎಂದು ಕೆಳಗಿನಿಂದ ಕೂಗಿದರು ನಿಜಾಮಸಾಬರು. “ಬೇರಿನ ಸಂಗಾಟ ಮಣ್ಣೆಲ್ಲ ಎದ್ದು ಬರ್ತೈತಿ.”

ಆಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಬೇರು ಮುಟ್ಟದೆ, ಸದ್ದಿಲ್ಲದೆ, ಬುಡದವರೆಗೆ ಕತ್ತರಿಸುವ ಯಂತ್ರ ಕನಕಪ್ಪನ ದೊಡ್ಡಿಯಲ್ಲೇ ಇತ್ತಲ್ಲ! ಮರುದಿನ ಬೆಳಿಗ್ಗೆ ಐದು ಆಡು, ಒಂದು ಹೋತ ಮಾಳಿಗೆ ಏರಿದವು. ಹತ್ತು ಗಂಟೆಗೆ ಆಡುಗಳನ್ನು ಇಳಿಸಿದೆವು. ಹೋತ ಇಳಿಯಲಿಲ್ಲ. ಅದಕ್ಕಿನ್ನೂ ಊಟ ಮುಗಿದಿರಲಿಲ್ಲ. ಅಷ್ಟರಲ್ಲಿ ಜೀಪು ಬಂತು.

ಎಂಜಿನಿಯರರನ್ನು ನೇರ ಒಳಗೆ ಕೂರಿಸಿ, ಅವರು ಕತ್ತೆತ್ತಿ ಮೇಲೆ ನೋಡದಂತೆ ಭಾಷಣ ಶುರು ಮಾಡಿದೆ. “ಮಾನ್ಯರೇ, ನಮ್ಮ ಹಿರಿಯರ ಕೊಡುಗೆ ತಲೆತಲಾಂತರದಿಂದ ಇಳಿದು ಬಂದದ್ದು…”

ಇಳಿದೇ ಬಂತು! ಮೊದಲು ಮಾಳಿಗೆಯ ಬೆಳಕಿಂಡಿಯಿಂದ ಎರಡು ಕಾಲು. ಆಮೇಲೆ ಒಂದು ಬುಟ್ಟಿಯಷ್ಟು ಕೆಸರು. ಕೊನೆಗೆ ಬಾಯಲ್ಲಿ ಹೆಸರಿನ ಬಳ್ಳಿ ಕಚ್ಚಿಕೊಂಡೇ ಇಡೀ ಹೋತ, ನೀಲಾಳ ಬಟ್ಟೆ ಕತ್ತರಿಸುವ ಮೇಜಿನ ಮೇಲೆ! ಎಂಜಿನಿಯರರ ಬಿಳಿ ಅಂಗಿ ಕೆರೆಯ ಬಣ್ಣಕ್ಕೆ ತಿರುಗಿತು. ಹೋತಕ್ಕೆ ಏನೂ ಆಗಲಿಲ್ಲ. ಅದು ನನ್ನ ಭಾಷಣದ ಹಾಳೆ ತಿನ್ನಲು ಮುಂದಾಯಿತು.

ನೀಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಕೇಳುವ ಧೈರ್ಯ ನನಗಾಗಲಿಲ್ಲ.

ಎಂಜಿನಿಯರು ಕನ್ನಡಕ ಒರೆಸಿಕೊಂಡು ಮೇಲೆ ಹತ್ತಿದರು. ಇಳಿದು ತೊಲೆಗಳನ್ನೆಲ್ಲ ತಟ್ಟಿ ನೋಡಿದರು. “ಈ ಮಣ್ಣು ಹಾಕಿಸಿದವರು ಯಾರು?”

ಊರಿಗೆ ಊರೇ ನನ್ನ ಕಡೆ ಬೆರಳು ಮಾಡಿತು.

“ಸಾಹೇಬ್ರ, ತೊಲಿ ಅಗದಿ ಗಟ್ಟಿ ಅದಾವ್ರಿ,” ಎಂದು ನಿಜಾಮಸಾಬರು ಮುಂದೆ ಬಂದರು. “ಮ್ಯಾಲಿನ ಹೂಳು ತಗದು ಸವಳು ಹಾಕಿದ್ರ ಒಂದು ಹನಿ ಸೋರಂಗಿಲ್ಲ.”

ಎಂಜಿನಿಯರು ಅಲ್ಲೇ ಕುಳಿತು ವರದಿ ಬರೆದರು: “ಹನ್ನೆರಡು ಟ್ರೇಲರ್ ಒದ್ದೆ ಹೂಳು, ಒಂದು ಬೆಳೆ ಹಾಗೂ ಜಾನುವಾರುಗಳನ್ನು ಹೊತ್ತರೂ ತೊಲೆಗಳು ಕೂದಲೆಳೆಯಷ್ಟೂ ಬಾಗಿಲ್ಲ. ಕಟ್ಟಡ ಸುಭದ್ರ. ಕೆಡವುವ ಅಗತ್ಯವಿಲ್ಲ. ಮಾಳಿಗೆಯ ಕೆಲಸ ನಿಜಾಮಸಾಬರ ಉಸ್ತುವಾರಿಯಲ್ಲಿ ಆಗತಕ್ಕದ್ದು.”

ಹೊಲಿಗೆ ಕ್ಲಾಸು ಉಳಿಯಿತು! ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಹೂಳಿನ ಬುಟ್ಟಿ ಇಳಿಸಿ, ಸವಳಿನ ಬುಟ್ಟಿ ಏರಿಸಿ ಸೊಂಟ ಹಿಡಿದುಕೊಂಡೆ. ಈಗ ಮಾಳಿಗೆಯಿಂದ ಒಂದು ಹನಿಯೂ ಬೀಳುವುದಿಲ್ಲ.

ಮೊನ್ನೆ ನೀಲಾ ತಾನಾಗಿಯೇ ಮಾತಾಡಿಸಿದಳು. “ರೀ, ಬಾಜೂಕಿನ ಊರಿನವರು ಬಂದಿದ್ರು. ಅಲ್ಲೊಂದು ಹಳೇ ಕಟ್ಟಡ ಐತಂತ. ಮಾಸ್ತರನ್ನ ಎರಡು ದಿನ ಕಳಸ್ತೀರೇನು ಅಂತ ಕೇಳಿದ್ರು.”

ನನ್ನ ಎದೆ ಮತ್ತೆ ಉಬ್ಬಿತು. ನೋಡಿ, ಕೀರ್ತಿ ಹೇಗೆ ಹಬ್ಬುತ್ತದೆ! “ಉಳಿಸಿಕೊಡೂಣು ಬಿಡು, ಅದೇನ ದೊಡ್ಡ ಮಾತು!” ಎಂದು ಅಂಗಿ ಹಾಕಿಕೊಂಡೆ.

“ಉಳಸೂದಲ್ರಿ, ಕೆಡವೂದೈತಂತ,” ಎಂದಳು ನೀಲಾ ಸೂಜಿಗೆ ದಾರ ಪೋಣಿಸುತ್ತ. “ಆ ಓಣ್ಯಾಗ ಜೆಸಿಬಿ ಹಿಡಿಯಂಗಿಲ್ಲಂತ.”