ಹೋಳಿಗೆ ಮೇಲೆ ಮೆಂತ್ಯದ ಚಟ್ನಿ

ಸಕ್ಕರೆ ಕಾಯಿಲೆಗೆ ಔಷಧ ಕಂಡುಹಿಡಿದವರು ಯಾರು? ನನ್ನನ್ನು ಕೇಳಿದರೆ ಮೂಡಲಗಿಯ ನನ್ನ ಸೋದರಮಾವನತ್ತ ಬೆರಳು ತೋರಿಸುತ್ತೇನೆ. ಮಾಮಾನ ಪ್ರಕಾರ ಔಷಧ ಎಂದೋ ಸಿಕ್ಕಿದೆ, ಡಾಕ್ಟರುಗಳಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಮೆಂತ್ಯ, ದಾಲ್ಚಿನ್ನಿ, ಅರಿಸಿನ, ನೇರಳೆ ಬೀಜ ಕುಟ್ಟಿ, ಉಪ್ಪು ಖಾರ ಬೆರೆಸಿದ ಚಟ್ನಿ ಪುಡಿ ಅದು. ನಮ್ಮ ಕಡೆ ಗುರೆಳ್ಳು, ಅಗಸಿ, ಶೇಂಗಾ ಎಲ್ಲವನ್ನೂ ಚಟ್ನಿ ಮಾಡಿ ರೊಟ್ಟಿಗೆ ಹಚ್ಚುತ್ತೇವೆ. ಔಷಧವೊಂದು ಉಳಿದಿತ್ತು, ಅದನ್ನೂ ಮಾಮಾ ಬಿಡಲಿಲ್ಲ.

ತಾನು ತಿಂದು ಸುಮ್ಮನಿದ್ದರೆ ನಮ್ಮ ತಕರಾರೇನೂ ಇರಲಿಲ್ಲ. ಆದರೆ ಕಣಗಲಾಕ್ಕೆ ಕೊಟ್ಟ ಅವನ ಒಬ್ಬಳೇ ಮಗಳು ಈಗ ಬಸುರಿ. ಅವಳಿಗೂ ಸಕ್ಕರೆ ಏರಿದೆ; ಇನ್ಸುಲಿನ್ ತಪ್ಪಿಸಿದರೆ ಕೂಸಿಗೆ ಅಪಾಯ ಎಂದು ಡಾಕ್ಟರು ಹೇಳಿದ್ದಾರೆ. ಮಾಮಾ ಚಟ್ನಿ ಡಬ್ಬಿ ಹಿಡಿದು ಹೋದರೆ ಏನು ಗತಿ? ಮಗಳಾದರೋ ಅಪ್ಪನ ಮಾತು ಮೀರುವವಳಲ್ಲ. ಅದಕ್ಕೇ ಮಾಮಿ ನನ್ನನ್ನು ಕಾವಲಿಗೆ ಹಾಕಿ ಅವನ ಜೊತೆ ಬಸ್ಸು ಹತ್ತಿಸಿದಳು.

ಮಾಮಿಯ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ತುಕ್ಕಾನಟ್ಟಿಯ ಮದುವೆಯೊಂದರಲ್ಲಿ ಮಾಮಾ ಹೋಳಿಗೆ ಮೇಲೆ ತುಪ್ಪ, ತುಪ್ಪದ ಮೇಲೆ ಈ ಚಟ್ನಿ ಉದುರಿಸಿಕೊಂಡು ಕೂತಿದ್ದ.

"ಏನ್ ಮಾಡಾಕತ್ತೀರಿ?" ಬಡಿಸುವವನು ಕೇಳಿದ.

"ಹೋಳಿಗಿ ಶುಗರ್ ಏರಸ್ತೈತಿ, ಚಟ್ನಿ ಇಳಸ್ತೈತಿ. ಅಲ್ಲಿಗಲ್ಲಿಗೆ ಸರಿ ಹೋತು. ಇನ್ನೊಂದ್ ಹಾಕ್ರಿ."

ಗೋಕಾಕದ ಡಾಕ್ಟರು ಒಮ್ಮೆ, "ಶುಗರ್ ಇಳದೈತ್ರಿ, ಗುಳಿಗಿ ಚಲೋ ಕೆಲಸ ಮಾಡಾಕತ್ತಾವು" ಎಂದರು. ಮಾಮಾ ಅವರನ್ನೇ ಸಮಾಧಾನ ಮಾಡಿದ: "ಗುಳಿಗಿ ಸುಮ್ನ ಜೋಡಿಗೆ ಬರ್ತಾವ್ರಿ. ದುಡಿಯೂದು ನಮ್ಮ ಚಟ್ನಿ."

ಹುಕ್ಕೇರಿಯಲ್ಲಿ ಬಸ್ಸು ಬದಲಿಸಬೇಕಿತ್ತು. "ಪ್ಯಾಟ್ಯಾಗ ಸ್ವಲ್ಪ ಕೆಲಸ ಐತಿ" ಎಂದು ಮಾಮಾ ಮಾಯವಾದ. ತಿರುಗಿ ಬಂದಾಗ ಕೈಯಲ್ಲೊಂದು ಥರ್ಮಾಸು! ಕಷಾಯವೇ ಇರಬೇಕೆಂದು ನಾನು ತೀರ್ಮಾನಿಸಿ ಮಾಮಿಗೆ ಫೋನ್ ಹಚ್ಚಿದೆ. "ಖರೇನ ಹೇಳ್ತೇನಿ, ಕುಡಿಸಾಕ ಬಿಡಬ್ಯಾಡ" ಎಂದಳು.

ಕಣಗಲಾದ ಮನೆ ಮುಟ್ಟಿದಾಗ ಮಗಳು ನೀರು ಕೊಟ್ಟು ಅಪ್ಪನ ಬಾಜೂ ಕೂತಳು. "ಅಪ್ಪಾ, ಚಟ್ನಿ ತಂದೀಯೇನ? ನೀ ಹ್ಞೂಂ ಅಂದ್ರ ಇವತ್ತ ಇಂಜೆಕ್ಷನ್ ಬಿಡ್ತೇನಿ. ಚುಚ್ಚಿಕೊಂಡು ಚುಚ್ಚಿಕೊಂಡು ಸಾಕಾಗೇತಿ."

ನಾನು ಬಾಯಿ ತೆರೆಯುವ ಮೊದಲೇ ಮಾಮಾ ಥರ್ಮಾಸಿನ ಮುಚ್ಚಳ ತಿರುವಿದ. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಇನ್ಸುಲಿನ್ ಇತ್ತು. ಮನೆಯಲ್ಲಿ ಮುಗಿಯುತ್ತ ಬಂದಿದೆ ಎಂದು ಅಳಿಯ ಹೇಳಿದ್ದನಂತೆ.

"ಚಟ್ನಿ ತಂದಿಲ್ಲವ್ವಾ. ಇದನ್ನ ಬಿಡಬ್ಯಾಡ."

"ನಿನಗ ಅದು ನಾಟೇತಿ ಅಂತೀಯಲ್ಲಪ್ಪಾ?"

"ನನಗ ನಾಟೇತಿ. ನಾಟದಿದ್ರೂ ಹೋಗೂದು ನಾ ಒಬ್ಬಾವ." ಮಾಮಾ ತಲೆ ತಗ್ಗಿಸಿದ. "ನಿನ್ನ ಮ್ಯಾಲ ಅದನ್ನ ಮಾಡಿ ನೋಡಾಕ ನನಗ ಅಂಜಿಕಿ ಬರ್ತೈತವ್ವಾ."

ಕಾವಲಿಗೆ ಬಂದಿದ್ದ ನಾನು ಮಾಮಿಗೆ ಫೋನ್ ಹಚ್ಚಿ, ಥರ್ಮಾಸಿನಲ್ಲಿದ್ದದ್ದು ಕಷಾಯವಲ್ಲ ಎಂದೆ. ಊಟಕ್ಕೆ ಮುಂಚೆ ಅವಳು ಸೂಜಿ ಚುಚ್ಚಿಕೊಳ್ಳುವಾಗ ಮಾಮಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. "ನೋವಾತೇನವ್ವಾ?" ಎಂದು ಕೇಳಿದ. ಅವಳು ಇಲ್ಲ ಎಂದ ಮೇಲೂ ಕಣ್ಣು ತೆರೆಯಲಿಲ್ಲ.