ಊದಿನಕಡ್ಡಿ ಮತ್ತು ನಿಂತಲ್ಲಿ ನಡುಗುವ ಎಂಜಿನ್ನು

ಬೈಲಹೊಂಗಲದಲ್ಲಿ ಕಾರು ಕೆಟ್ಟರೆ ಮೆಕ್ಯಾನಿಕ್ಕುಗಳಿಗೆ ಬರವಿಲ್ಲ, ಕಾರಿಲ್ಲದವರೆಲ್ಲ ಮೆಕ್ಯಾನಿಕ್ಕುಗಳೇ. ನನ್ನದು ಮಾವನವರು ಕೊಟ್ಟ ಕಾರು, ಇಂಜೆಕ್ಷನ್ ಎಂಜಿನ್ನು ಹೊಸದಾಗಿ ಬಂದ ಕಾಲದ್ದು. ಮದುವೆಯಲ್ಲಿ ಅವರು ನನಗೆ ಒಪ್ಪಿಸಿದ್ದರಲ್ಲಿ ಮಾತು ಕೇಳುತ್ತಿದ್ದುದು ಅದೊಂದೇ. ಅದಕ್ಕೂ ಈ ದಸರೆಯಾದ ಮೇಲೆ ಒಂದು ಚಾಳಿ ಅಂಟಿತು. ಓಡುವಾಗ ಸರಿ; ನಿಂತರೆ ಎಂಜಿನ್ನು ಒಮ್ಮೆ ಏರಿ, ಒಮ್ಮೆ ಇಳಿದು, ನಡುಗಿ ಬಂದ್ ಆಗುತ್ತದೆ. ಕಿತ್ತೂರಿನ ಹೆದ್ದಾರಿ ಸೇರುವಲ್ಲಿ ಹಾಗಾದಾಗ ಹಿಂದಿದ್ದ ಕಬ್ಬಿನ ಟ್ರ್ಯಾಕ್ಟರಿನವನು ಇಳಿದು ಬಂದು ಉಪದೇಶ ಮಾಡಿದ. ಪಕ್ಕದಲ್ಲಿದ್ದ ಹೆಂಡತಿ ಶಾರದಾ ಅಂದೇ ತೀರ್ಪು ಕೊಟ್ಟಳು: ಮುಂದಿನ ಭಾನುವಾರ ತವರಿಗೆ ಹೋಗುವುದರೊಳಗೆ ರಿಪೇರಿಯಾಗಬೇಕು, ಇಲ್ಲವೇ ಕಾರು ಗುಜರಿಗೆ. ನನಗೆ ಎರಡು ದಿನ ಊಟ ರುಚಿಸಲಿಲ್ಲ.

ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಕಾರ್ಬೊರೇಟರ್ ತೊಳೆಸಲು ಹೇಳಿದರು. ಈ ಕಾರಿಗೆ ಅದು ಇಲ್ಲವೇ ಇಲ್ಲ ಎಂದರೆ, "ಅದಕ್ಕ ಕೆಟ್ಟೈತ್ರಿ" ಎಂದರು. ಸವದತ್ತಿಯ ಷಡ್ಡಕ ಪ್ಲಗ್ಗು ಬದಲಿಸಿದ, ಪೆಟ್ರೋಲು ಬದಲಿಸಿದ, ಕೊನೆಗೆ ದೃಷ್ಟಿಯಾಗಿದೆಯೆಂದು ನಿಂಬೆಹಣ್ಣು ಕಟ್ಟಿದ. ಎಂಥ ಮೂಢರು! ಎಂಜಿನ್ನು ಭಕ್ತಿಗೆ ಬಗ್ಗುವುದಿಲ್ಲ, ಅದಕ್ಕೆ ಬೇಕಾದ್ದು ಬುದ್ಧಿ ಎಂದು ನಾನು ಶಾರದೆಗೆ ಅರ್ಧ ಗಂಟೆ ಭಾಷಣ ಮಾಡಿದೆ.

ಶನಿವಾರ ರಾಮದುರ್ಗದಿಂದ ಮೆಹಬೂಬಸಾಬರನ್ನು ಕರೆಸಿದೆ. ಹಳೆಯ ಗಾಡಿಗಳಲ್ಲಿ ಪಳಗಿದ ಮಿಸ್ತ್ರಿ. ಅವರು ಎಂಜಿನ್ನು ಚಾಲೂ ಮಾಡಿಸಿ, ರಬ್ಬರ್ ಪೈಪುಗಳ ಮೇಲೆ ಒಂದೊಂದಾಗಿ ಸಾಬೂನು ನೀರು ಚಿಮುಕಿಸುತ್ತ ಕಿವಿಗೊಟ್ಟು ನಿಂತರು. ಒಂದು ಸಣ್ಣ ಪೈಪಿನ ಮೇಲೆ ನೀರು ಬಿದ್ದದ್ದೇ ನಡುಕ ಕ್ಷಣಕಾಲ ನಿಂತಿತು. ಅಲ್ಲೊಂದು ತೂತು, ಎಂಜಿನ್ನು ಅಲ್ಲಿಂದ ಬೇಡದ ಗಾಳಿ ಎಳೆಯುತ್ತಿತ್ತಂತೆ. ಇಕ್ಕಳದಿಂದ ಅವರು ಕೆಂಪು ಬಿದಿರುಕಡ್ಡಿಯ ತುಂಡೊಂದನ್ನು ಹೊರಗೆಳೆದರು.

"ಸಾಹೇಬ್ರ, ಇಲ್ಲಿ ಊದಿನಕಡ್ಡಿ ಚುಚ್ಚಿದವ್ರು ಯಾರ್ರಿ?"

ದಸರೆಯಲ್ಲಿ ಆಯುಧ, ವಾಹನಗಳಿಗೆ ಮಾಡುವ ಖಂಡೇಪೂಜೆಯ ದಿನ ಬಾನೆಟ್ಟು ತೆರೆದು ಎಂಜಿನ್ನಿಗೂ ಊದಿನಕಡ್ಡಿ ಬೆಳಗಿದ ಬುದ್ಧಿವಂತ ನಾನೇ. ಕಡ್ಡಿ ಸಿಗಿಸಲು ಶಾರದಾ ಬಾಳೆಹಣ್ಣು ಕೊಟ್ಟಿದ್ದಳು. ಹಸಿವಾಗಿತ್ತು, ತಿಂದುಬಿಟ್ಟಿದ್ದೆ. ಕಡ್ಡಿಗೆ ಆ ಮೆತ್ತನೆಯ ಪೈಪೇ ಗತಿಯಾಯಿತು.

ಶಾರದಾ ನನ್ನ ಮುಖವನ್ನೇ ನೋಡಿದಳು. "ಕಾರು ಇರ್ಲಿ ಬಿಡ್ರಿ ಸಾಬ್ರ. ಗುಜರಿಗೆ ಏನು ಕೊಡಬೇಕಂತ ಈಗ ಗೊತ್ತಾತು."

ಸಾಬರು ಹೊಸ ಪೈಪು ಹಾಕಿಕೊಟ್ಟರು. ಭಾನುವಾರ ಕಿತ್ತೂರಿನ ಹೆದ್ದಾರಿಯ ಬಳಿ ಕಾರು ನಿಂತಾಗ ಎಂಜಿನ್ನು ತಣ್ಣಗೆ ಗುನುಗುತ್ತಿತ್ತು. ನಡುಗುತ್ತಿದ್ದವನು ನಾನು. ಬಾಳೆಹಣ್ಣಿನ ಸಂಗತಿ ಅವಳಿಗಿನ್ನೂ ತಿಳಿದಿಲ್ಲ.